ಟೆಂಟ್ ಆಮೇಲೆ ಹೊಡೀರಿ, ಮೊದಲು ಕೆರೆ ಸುತ್ತಿ

ಕಳೆದ ಶನಿವಾರ ರಾತ್ರಿ ನಾನು, ಗೆಳೆಯ ಇಬ್ಬರೂ ಗೆಂಡೆ ಮೀನಿಗೆ ಗಾಳ ಹಾಕಲು ಕೆರೆಗೆ ಹೋಗಿದ್ದೆವು. ತಲುಪಿದಾಗ ಸಂಜೆ 5 ಗಂಟೆ. ಇಳಿದ ತಕ್ಷಣ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಟೆಂಟ್ ಹೊಡೆದದ್ದು. ಜಾಗ ಹಾಗಿತ್ತು. ಸಮತಟ್ಟು ನೆಲ, ಮೇಲೊಂದು ಮರ, ನೀರಿಗೆ ಹತ್ತೇ ಹೆಜ್ಜೆ. ಗಾಳಿಯ ಕಾಟವೂ ಇಲ್ಲ. ಗೂಟ ಬಡಿದು, ಕುರ್ಚಿ ಬಿಡಿಸಿ, ಸಾಮಾನೆಲ್ಲ ಜೋಡಿಸಿ ಮುಗಿಸುವಷ್ಟರಲ್ಲಿ ಒಂದು ಗಂಟೆ ಹೋಯ್ತು. ಆಮೇಲೆ ನಿಧಾನವಾಗಿ ರಾಡುಗಳನ್ನು ಹೊರತೆಗೆದೆವು.

ಇಷ್ಟು ವರ್ಷ ಗಾಳ ಹಾಕಿದವನು ನಾನೇ ಈ ತಪ್ಪು ಮಾಡಿದೆ. ಅದಕ್ಕೇ ಬರೀತಿದ್ದೀನಿ.

ಒಮ್ಮೆ ಟೆಂಟ್ ಹೊಡೆದರೆ ಮುಗೀತು, ಮನುಷ್ಯ ಅಲ್ಲಿಂದ ಏಳುವುದಿಲ್ಲ. ಎದುರು ದಡದಲ್ಲಿ ಮೀನು ಹಾರಿ ಹಾರಿ ಬೀಳುತ್ತಿದ್ದರೂ "ಇಲ್ಲಿಗೂ ಬರುತ್ತೆ ಬಿಡು" ಅಂತ ಸಮಾಧಾನ ಹೇಳಿಕೊಳ್ಳುತ್ತಾನೆ. ನಾವೂ ಹೇಳಿಕೊಂಡೆವು. ಗೂಟ ಬಡಿಯುವಾಗಲೇ ದೂರದಲ್ಲಿ ದಬಕ್ ಅಂತ ಒಂದು ಸದ್ದು ಕೇಳಿತ್ತು. ಗೆಳೆಯ ತಲೆಯೆತ್ತಿ ನೋಡಿದ. ನಾನೂ ನೋಡಿದೆ. ಇಬ್ಬರೂ ಮತ್ತೆ ಗೂಟ ಬಡಿದೆವು.

ಗೂಟ ಬಡಿದದ್ದು ಇನ್ನೊಂದು ತಪ್ಪು. ಗೆಂಡೆಯ ಹೊಟ್ಟೆಯೊಳಗಿನ ಗಾಳಿ ತುಂಬಿದ ಈಜುಚೀಲದಿಂದ ಒಳಕಿವಿವರೆಗೆ ಸಣ್ಣ ಮೂಳೆಗಳ ಸಾಲೊಂದಿದೆ. ಚೀಲಕ್ಕೆ ತಟ್ಟಿದ ಅದುರು ಆ ಮೂಳೆಗಳ ಮೂಲಕ ಸೀದಾ ಕಿವಿಗೆ ಹೋಗುತ್ತದೆ. ಬೇರೆ ಎಷ್ಟೋ ಮೀನುಗಳಿಗಿಂತ ಇದರ ಕಿವಿ ಚುರುಕು. ಅಂಥ ಮೀನಿನ ಹತ್ತಿರ ಹೋಗಿ ನೆಲಕ್ಕೆ ಸುತ್ತಿಗೆ ಏಟು ಹಾಕಿ, ಆಮೇಲೆ "ಮೀನೇ ಕಚ್ತಿಲ್ಲ ಮಾರಾಯಾ" ಅಂದರೆ ಹೇಗೆ?

ರಾತ್ರಿ 11ರವರೆಗೆ ಏನೂ ಇಲ್ಲ. ದಾರ ಅಲುಗಿದರೆ ಕೂಗುವ ಬೈಟ್ ಅಲಾರಂ ಒಂದೇ ಒಂದು ಸಲ ಕೀಂ ಅಂದಿದ್ದರೂ ಸಾಕಿತ್ತು. ಮೀನು ಕಚ್ಚದಿದ್ದರೂ ಅತ್ತಿತ್ತ ಓಡಾಡುವಾಗ ಮೈ ದಾರಕ್ಕೆ ತಾಗಿ ಅಲಾರಂ ಒಮ್ಮೆ ಕೂಗುವುದುಂಟು. ಅದಾದರೆ ಮೀನು ಅಲ್ಲೆಲ್ಲೋ ಇದೆ ಅಂತ ಲೆಕ್ಕ. ಅದೂ ಇಲ್ಲ ಅಂದರೆ ನಾವು ಖಾಲಿ ನೀರಿಗೆ ಕಾವಲು ಕೂತಿದ್ದೇವೆ ಅಂತ ಅರ್ಥ. ಗೆಳೆಯ ಅಷ್ಟರಲ್ಲಿ ಮೂರು ಸಲ ಎರೆ ಬದಲಿಸಿದ್ದ. ಬಾಯ್ಲಿ (ಹಿಟ್ಟನ್ನು ಉಂಡೆ ಕಟ್ಟಿ ಬೇಯಿಸಿದ ಎರೆ), ಜೋಳ, ಮತ್ತೆ ಬೇರೆ ಬಣ್ಣದ ಬಾಯ್ಲಿ.

ಎರೆ ಬಗ್ಗೆ ನಾವು ಮಾತಾಡುವುದು ಜಾಸ್ತಿ ಆಯ್ತು ಅಂತ ನನಗೆ ಅನಿಸುತ್ತದೆ. ಯಾವ ವಾಸನೆ, ಯಾವ ಬಣ್ಣ, ಎಷ್ಟು ಮಿಲಿಮೀಟರ್. 1952ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ರೆಡ್‌ಮೈರ್ ಕೊಳದಲ್ಲಿ ರಿಚರ್ಡ್ ವಾಕರ್ 44 ಪೌಂಡಿನ, ಅಂದರೆ ಹತ್ತಿರ ಹತ್ತಿರ 20 ಕಿಲೋ ತೂಕದ ಗೆಂಡೆ ಹಿಡಿದರು. ಆ ದೇಶದ ದಾಖಲೆಯಾಗಿ ಅದು 28 ವರ್ಷ ಉಳಿಯಿತು. ಎರೆ ಏನು ಗೊತ್ತಾ? ಬ್ರೆಡ್ಡು. ದೊಡ್ಡ ಮೀನಿರುವ ನೀರು ಯಾವುದು ಅಂತ ಅವರಿಗೆ ಗೊತ್ತಿತ್ತು, ಅಲ್ಲಿ ರಾತ್ರಿಯಿಡೀ ಕಾಯುವ ತಾಳ್ಮೆಯೂ ಇತ್ತು. ನಮ್ಮ ಹತ್ತಿರ ನಾಲ್ಕು ಡಬ್ಬಿ ಬಾಯ್ಲಿ ಇತ್ತು, ಮೀನು ಮಾತ್ರ ಆಚೆ ದಡದಲ್ಲಿತ್ತು.

ಆಚೆ ದಡದಲ್ಲೇ ಯಾಕೆ? ಗಾಳಿ ನಮ್ಮ ಬೆನ್ನ ಕಡೆಯಿಂದ ಆ ಕಡೆಗೆ ಬೀಸುತ್ತಿತ್ತು. ಬಿಸಿಲಿಗೆ ಬೆಚ್ಚಗಾದ ಮೇಲ್ನೀರನ್ನೂ ಅದರಲ್ಲಿ ತೇಲುವ ತಿನಿಸನ್ನೂ ಗಾಳಿ ಅತ್ತಲೇ ದೂಡುತ್ತದೆ. ನಾವಿದ್ದ ಮರೆಯಲ್ಲಿ ನೀರು ಅಲುಗಾಡುತ್ತಿರಲಿಲ್ಲ, ತುಂಬ ಕಳೆ ಬೆಳೆದಿತ್ತು. ಹಗಲಲ್ಲಿ ಆ ಗಿಡಗಳು ನೀರಿಗೆ ಆಮ್ಲಜನಕ ಕೊಡುತ್ತವೆ ನಿಜ. ರಾತ್ರಿ ಕೊಡುವುದು ನಿಂತು, ಉಸಿರಾಟಕ್ಕೆ ತಾವೇ ಎಳೆದುಕೊಳ್ಳುತ್ತವೆ. ಹಾಗಾಗಿ ಕಳೆ ತುಂಬಿದ ನೀರಲ್ಲಿ ಆಮ್ಲಜನಕ ಇಳಿಯುತ್ತಾ ಹೋಗಿ, ಬೆಳಗಾಗುವ ಹೊತ್ತಿಗೆ ತೀರಾ ಕಡಿಮೆಯಾಗಿರುತ್ತದೆ. ಅಲೆ ಬಡಿಯುವ ದಡದಲ್ಲಿ ಗಾಳಿ ನೀರಿಗೆ ಬೆರೆಯುತ್ತಲೇ ಇರುತ್ತದೆ. ಮೀನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ನನಗೂ ಗೊತ್ತಿತ್ತು, ಆದರೆ ಮರದ ನೆರಳು ಚೆನ್ನಾಗಿತ್ತು ನೋಡಿ.

2 ಗಂಟೆ ಹೊತ್ತಿಗೆ ಆಚೆಯಿಂದ ಮತ್ತೆ ದಬಕ್. ಸ್ವಲ್ಪ ಹೊತ್ತಿಗೆ ಇನ್ನೊಂದು. ಗೆಳೆಯ ಗೊರಕೆ ಹೊಡೆಯುತ್ತಿದ್ದ. ನನಗೆ ಮಲಗಲಾಗಲಿಲ್ಲ. ಗಾಳಗಳನ್ನೆಲ್ಲ ಸುತ್ತಿ ದಡಕ್ಕಿಟ್ಟು, ಒಂದು ರಾಡು, ಕೈಬಲೆ, ಮೀನು ಮಲಗಿಸುವ ಮೆತ್ತೆ, ತಕ್ಕಡಿ, ಒಂದು ಮುಷ್ಟಿ ಜೋಳ ಹಿಡಿದು ಹೊರಟೆ. ನಡೆಯುವಾಗ ದಾರದ ಸೀಸದ ಗುಂಡು ಜೋಲಾಡಬಾರದು ಅಂತ, ದಾರ ಒಂದಿಷ್ಟೂ ಬಿಡದ ಹಾಗೆ ರೀಲಿನ ಬಿಗಿ ಪೂರ್ತಿ ತಿರುಗಿಸಿದ್ದೆ. ಇದು ನೆನಪಿರಲಿ.

ಅರ್ಧ ಗಂಟೆ ನಡೆದು ಜೊಂಡಿನ ಪಕ್ಕ ಕೂತೆ. ಟಾರ್ಚ್ ಆರಿಸಿದೆ. ದೂರಕ್ಕೇನೂ ಎಸೆಯಲಿಲ್ಲ. ಕತ್ತಲಾದ ಮೇಲೆ, ಸದ್ದಿಲ್ಲದಿದ್ದರೆ, ಗೆಂಡೆ ದಡಕ್ಕೆ ತೀರಾ ಹತ್ತಿರ ಬಂದು ಮೇಯುತ್ತದೆ. ಹದಿನೈದು ಹೆಜ್ಜೆಯಾಚೆ, ಜೊಂಡಿನ ಅಂಚಿಗೆ ಬಿಟ್ಟೆ ಅಷ್ಟೇ. ಅಲಾರಂ ಟೆಂಟಿನ ಹತ್ತಿರವೇ ಉಳಿದಿತ್ತು. ದಾರವನ್ನು ತೋರುಬೆರಳ ಮೇಲೆ ಹಾಯಿಸಿಕೊಂಡು ಕೂತೆ.

ಹಾಗೆ ಕೂತವರಿಗೆ ಗೊತ್ತು, ಬೆರಳಿಗೆ ಎಷ್ಟೆಲ್ಲ ತಿಳಿಯುತ್ತದೆ ಅಂತ. ಮೊದಲು ಸವರಿದ ಹಾಗೆ ಒಂದು ಸಣ್ಣ ಕಂಪನ. ಮೈಯೋ ಬಾಲವೋ ದಾರಕ್ಕೆ ತಾಗಿರಬೇಕು. ಆಮೇಲೆ ಟಕ್ ಅಂತ ಒಂದು. ಗೆಂಡೆ ಕಚ್ಚುವ ಮೀನಲ್ಲ, ಹೀರುವ ಮೀನು. ಕೆಸರು ಸಮೇತ ಬಾಯಿಗೆಳೆದು, ಬೇಡದ್ದನ್ನು ಉಗುಳುತ್ತದೆ. ಅರೆಯುವ ಹಲ್ಲು ಇರುವುದು ಗಂಟಲಲ್ಲಿ. ಹೇರ್ ರಿಗ್ ಅನ್ನುವ ಕೊಕ್ಕೆ ಕಟ್ಟುವ ವಿಧಾನ ಕೆಲಸ ಮಾಡುವುದೇ ಈ ಉಗುಳುವ ಅಭ್ಯಾಸದಿಂದ. ಎರೆಯನ್ನು ಕೊಕ್ಕೆಗೆ ಚುಚ್ಚದೆ ಅದರ ಕೆಳಗೆ ಸಣ್ಣ ಎಳೆಯಲ್ಲಿ ಜೋತುಬಿಡುತ್ತೇವೆ. ಮೀನು ಉಗುಳಲು ಹೋದಾಗ ಬರೀ ಕೊಕ್ಕೆ ತುಟಿಗೆ ಸಿಗುತ್ತದೆ.

ಸಿಕ್ಕಿತು. ದಾರ ಬೆರಳಿಂದ ಜಿಗಿಯಿತು, ರಾಡು ಬಿಲ್ಲಿನಂತೆ ಬಾಗಿತು, ರೀಲು ಮಾತ್ರ ಒಂದು ಸುತ್ತೂ ಬಿಡಲಿಲ್ಲ. ಬಿಗಿ ಸಡಿಲಿಸುವುದನ್ನೇ ಮರೆತಿದ್ದೆ! ಕೈ ಹಾಕುವಷ್ಟರಲ್ಲಿ ಕೊಕ್ಕೆ ಕಿತ್ತು ಬಂತು. ಕತ್ತಲಲ್ಲಿ ನನಗೆ ನಾನೇ ಬೈದುಕೊಂಡದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಇನ್ನೊಂದು ಬಂದದ್ದು ನಾಲ್ಕೂವರೆ ದಾಟಿದ ಮೇಲೆ. ಈ ಸಲ ರೀಲು ಹಾಡಿತು. ಜೊಂಡಿನ ಕಡೆ ಎರಡು ಸಲ ನುಗ್ಗಿತು, ಎರಡು ಸಲವೂ ರಾಡನ್ನು ಪಕ್ಕಕ್ಕೆ ಮಲಗಿಸಿ ಹೇಗೋ ತಿರುಗಿಸಿದೆ. ಬಲೆಗೆ ಬಂದಾಗ ನೋಡಿದರೆ ಮಿರರ್ ಕಾರ್ಪ್, ಗೆಂಡೆಯದೇ ಒಂದು ಬಗೆ. ಬೆನ್ನ ಸಾಲಿನಲ್ಲಿ ಹೆಬ್ಬೆರಳಿನ ಉಗುರಿಗಿಂತ ದೊಡ್ಡ ಹುರುಪೆ, ಉಳಿದ ಮೈಯೆಲ್ಲ ನುಣ್ಣಗೆ. ಬಾಯಿಯ ಅಂಚಿನಲ್ಲಿ ನಾಲ್ಕು ಮೀಸೆ. ಬಾಯಿ ತೆರೆದಾಗ ತುಟಿ ಕೊಳವೆಯ ಹಾಗೆ ಮುಂದಕ್ಕೆ ಚಾಚಿಕೊಳ್ಳುತ್ತಿತ್ತು, ಮತ್ತೆ ಮಡಚಿಕೊಳ್ಳುತ್ತಿತ್ತು. ಒದ್ದೆ ಮೆತ್ತೆ ಮೇಲೆ ಮಲಗಿಸಿ, ಒದ್ದೆ ಕೈಯಲ್ಲೇ ಕೊಕ್ಕೆ ಬಿಡಿಸಿದೆ. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ, ಮೀನಿಗೆ ಅದೇ ರಕ್ಷಣೆ. 7 ಕಿಲೋ ಚಿಲ್ಲರೆ ತೂಗಿತು. ಬಲೆ ಸಮೇತ ನೀರಿಗಿಳಿಸಿ ಹಿಡಿದುಕೊಂಡೆ. ಕಿವಿರು ನಾಲ್ಕೈದು ಸಲ ಆಡಿಸಿ, ಬಾಲದಲ್ಲಿ ನನ್ನ ಮುಖಕ್ಕೇ ನೀರೆರಚಿ ಹೋಯ್ತು. ಬಿಟ್ಟರೆ ಎಲ್ಲಿ ಬದುಕುತ್ತೆ ಅಂತ ಕೆಲವರು ನಗುತ್ತಾರೆ. ವಾಕರ್ ಹಿಡಿದ ಮೀನು ಲಂಡನ್ ಮೃಗಾಲಯದ ತೊಟ್ಟಿಯಲ್ಲಿ 1971ರವರೆಗೆ, ಅಂದರೆ ಇನ್ನೂ 19 ವರ್ಷ ಬದುಕಿತ್ತು.

ಟೆಂಟಿಗೆ ವಾಪಸ್ ಬಂದಾಗ ಬೆಳಕು ಹರಿದಿತ್ತು. ಗೆಳೆಯ ಕಣ್ಣುಜ್ಜುತ್ತಾ ಹೊರಗೆ ಬಂದ.

"ಎಲ್ಲಿಗೆ ಹೋಗಿದ್ಯೋ?"

"ಸುಮ್ನೆ, ಒಂದು ಸುತ್ತು ಹಾಕ್ಕೊಂಡು ಬಂದೆ" ಅಂದೆ.

ಹತ್ತಿರ ಬಂದು ನನ್ನ ಅಂಗಿ ಮೂಸಿ ನೋಡಿದ. ಒಂದು ಮಾತೂ ಆಡದೆ ಹೋಗಿ ಟೆಂಟಿನ ಗೂಟ ಕೀಳತೊಡಗಿದ.