ಸ್ಪಷ್ಟನೆ: ಪೋಕರ್ ಚಿಪ್ ಬಣ್ಣಕ್ಕೆ ಜಗತ್ತಿಗೆಲ್ಲ ಒಂದೇ ನಿಯಮ ಇಲ್ಲ

ಪೋಕರ್ ಎಂಬ ಇಸ್ಪೀಟಾಟದಲ್ಲಿ ಹಣದ ಬದಲು ಬಳಸುವ ಬಿಲ್ಲೆಗಳೇ ಚಿಪ್. ಅವುಗಳ ಬೆಲೆ ಬಿಳಿಗೆ 1, ಕೆಂಪಿಗೆ 5, ಹಸಿರಿಗೆ 25, ಕಪ್ಪಿಗೆ 100. ಇದು ಜಗತ್ತಿಗೆಲ್ಲ ಒಂದೇ ನಿಯಮ, ಸ್ವಂತ ಸೆಟ್ ಮಾಡಿಸುವಾಗಲೂ ಬದಲಿಸಬಾರದು ಅಂತ ಒಂದು ಮಾತು ಓಡಾಡುತ್ತಿದೆ. ಅದು ತಪ್ಪು.

ಇದು ಅಮೆರಿಕದ ಕ್ಯಾಸಿನೊಗಳಲ್ಲಿ ಬೆಳೆದ ರೂಢಿ. ನ್ಯೂಜೆರ್ಸಿ ರಾಜ್ಯ ಬಣ್ಣಗಳನ್ನು ನಿಯಮದಲ್ಲೇ ಬರೆದದ್ದು ನಿಜ, ಆದರೆ ಅದು ಅಲ್ಲಿನ ಕ್ಯಾಸಿನೊಗಳಿಗೆ, ನಿಮ್ಮ ಮನೆಯ ಮೇಜಿಗೆ ಅಲ್ಲ. ಕ್ಯಾಲಿಫೋರ್ನಿಯಾದ ಎಷ್ಟೋ ಕಡೆ 5 ಡಾಲರಿನ ಚಿಪ್ ಹಳದಿ! ರೂಢಿಯ ಬಣ್ಣ ಇಟ್ಟುಕೊಂಡರೆ ಹೊಸಬರಿಗೆ ಬೇಗ ಗೊತ್ತಾಗುತ್ತದೆ, ಆ ಲಾಭ ಖಂಡಿತ ಇದೆ.

ನಿಜವಾಗಿ ನೋಡಬೇಕಾದ್ದು ಬೇರೆ. ಆಟದಲ್ಲಿ ಚಿಪ್ಪಿನ ಮುಖ ಯಾರಿಗೂ ಸರಿಯಾಗಿ ಕಾಣುವುದಿಲ್ಲ, ಒಂದರ ಮೇಲೊಂದು ಪೇರಿಸಿದಾಗ ಕಾಣುವುದು ಅಂಚು ಮಾತ್ರ, ಹಾಗಾಗಿ ಮೂಲ ಬಣ್ಣದ ಜೊತೆ ಅಂಚಿನ ಪಟ್ಟೆಯೂ ಬೇರೆ ಬೇರೆ ಇರಬೇಕು. ಎಲ್ಲದಕ್ಕೂ ಬಿಳಿ ಪಟ್ಟೆ ಹಾಕಿಸಬೇಡಿ. ಹಳದಿ ದೀಪದ ಕೆಳಗೆ ಕೆಂಪು-ಕಿತ್ತಳೆ, ಕಡು ನೀಲಿ-ಕಪ್ಪು ಒಂದೇ ಥರ ಕಾಣುತ್ತವೆ. ಕೆಲವರಿಗೆ, ಅದರಲ್ಲೂ ಗಂಡಸರಿಗೆ ಜಾಸ್ತಿ, ಕೆಂಪು-ಹಸಿರು ಬೇರೆ ಮಾಡುವುದೇ ಕಷ್ಟ. ಅಂಥವರು ನಿಮ್ಮ ಮೇಜಿನಲ್ಲೂ ಇರಬಹುದು ಅಲ್ವಾ? ಆಗ ಒಂದನ್ನು ತಿಳಿಯಾಗಿ, ಇನ್ನೊಂದನ್ನು ಗಾಢವಾಗಿ ಮಾಡಿಸಿ. ಮೊಬೈಲ್ ಪರದೆ ನಂಬಿ ಇಡೀ ಸೆಟ್ ಆರ್ಡರ್ ಮಾಡಬೇಡಿ, ಮೊದಲು ಸ್ಯಾಂಪಲ್ ತರಿಸಿ, ನೀವು ಆಡುವ ದೀಪದ ಕೆಳಗೇ ಪೇರಿಸಿ ನೋಡಿ.