ಬೆಳೆ, ಬೇಳೆ ಮತ್ತು ಭಾನುವಾರದ ವಿಡಿಯೊ ಕಾಲ್

ನನ್ನ ಮಗಳು ಪುಣೆಯಲ್ಲಿ ನಾಲ್ಕನೇ ಕ್ಲಾಸು. ಕನ್ನಡ ಮಾತ್ರ ಕಲಿಯುತ್ತಿರುವುದು ಕಲಬುರಗಿಯಲ್ಲಿ, ಅಂದರೆ ಫೋನಿನಲ್ಲಿ. ಆಳಂದ ತಾಲ್ಲೂಕಿನ ನಮ್ಮೂರಿನಿಂದ ನನ್ನ ಅಕ್ಕ ಪ್ರತಿ ಭಾನುವಾರ ಬೆಳಿಗ್ಗೆ ವಿಡಿಯೊ ಕಾಲ್ ಮಾಡುತ್ತಾಳೆ. ಅಕ್ಕ ಸರ್ಕಾರಿ ಶಾಲೆಯ ಟೀಚರ್. ಒಂದನೇ ಕ್ಲಾಸಿನ ಮಕ್ಕಳ ಕೈ ಹಿಡಿದು ತಿದ್ದಿಸಿ ತಿದ್ದಿಸಿ ಪಳಗಿದವಳು.

ಮೊದಲ ದಿನವೇ ಎಡವಟ್ಟಾಯಿತು. ಅಕ್ಕ ಪಾಟಿಯ ಮೇಲೆ ‘ಅ’ ಬರೆದು ಕ್ಯಾಮೆರಾಕ್ಕೆ ಹಿಡಿದಳು. ಅವಳ ಫೋನಿನಲ್ಲಿ ಅವಳಿಗೇ ಅದು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕಂಡಿತು. ಹುಡುಗಿಗೂ ಹೀಗೇ ಕಾಣುತ್ತಿರಬೇಕು ಅಂದುಕೊಂಡು, ಅಳಿಸಿ, ಕಷ್ಟಪಟ್ಟು ಉಲ್ಟಾ ‘ಅ’ ಬರೆದು ಹಿಡಿದಳು. ಈ ಕಡೆ ಮಗಳಿಗೆ ಅದು ಉಲ್ಟಾನೇ ಕಂಡಿತು. ಪಾಪ, ಅದನ್ನೇ ನೋಡಿಕೊಂಡು ನಾಲ್ಕು ಸಾಲು ತುಂಬಿಸಿದಳು. ಪಕ್ಕದಲ್ಲಿ ಕೂತಿದ್ದರೆ ಮೊದಲನೇ ಅಕ್ಷರಕ್ಕೇ ಅಕ್ಕ ಕೈ ಹಿಡಿಯುತ್ತಿದ್ದಳು, ಅಲ್ವಾ?

ಆಮೇಲೆ ಬಂತು ಬೆಳೆ-ಬೇಳೆಯ ತಾಪತ್ರಯ. ಮರಾಠಿಯಲ್ಲಿ ‘ಳ’ ಇದೆ. ಹಾಗಾಗಿ ಅದು ಅವಳ ನಾಲಿಗೆಗೆ ಸಲೀಸು. ಆದರೆ ‘ಎ’ ಬೇರೆ, ‘ಏ’ ಬೇರೆ, ‘ಒ’ ಬೇರೆ, ‘ಓ’ ಬೇರೆ ಅನ್ನುವ ಲೆಕ್ಕ ಅಲ್ಲಿಲ್ಲ. ಅಕ್ಕ ಆ ಕಡೆಯಿಂದ ‘ಬೆಳೆ’ ಅನ್ನುತ್ತಾಳೆ. ನೆಟ್ ಸ್ವಲ್ಪ ತಡವರಿಸಿದರೆ ಸಾಕು, ಈ ಕಡೆ ಅದು ‘ಬೇ...ಳೆ’ ಆಗಿ ಬಂದು ಬೀಳುತ್ತದೆ. ಕನ್ನಡದಲ್ಲಿ ದೀರ್ಘ ಎಳೆಯುವ ಅಧಿಕಾರ ಮೊಬೈಲ್ ಟವರಿಗೆ ಕೊಟ್ಟವರು ಯಾರೋ ಗೊತ್ತಿಲ್ಲ. ಮೂರು ವಾರ ಇದೇ ಆಯಿತು. ಹೊಲದಲ್ಲಿ ‘ಬೇಳೆ’ ಬೆಳೆದು, ಸಾರಿಗೆ ‘ಬೆಳೆ’ ಹಾಕಿದ್ದೇ ಹಾಕಿದ್ದು.

ಇಷ್ಟಾದರೂ ಆನ್‌ಲೈನ್ ಪಾಠ ವ್ಯರ್ಥ ಅಂತ ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ನನ್ನ ಮಗಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಪುಣೆಯ ನಮ್ಮ ಏರಿಯಾದಲ್ಲಿ ಕನ್ನಡ ಕಲಿಸುವವರು ಸಿಗಲಿಲ್ಲ. ನನಗೆ ತಾಳ್ಮೆ ಇಲ್ಲ. ನಮ್ಮಂಥ ಹೊರನಾಡಿನವರಿಗೆ ಇದು ದೊಡ್ಡ ಉಪಕಾರವೇ. ಆದರೆ ‘ಇನ್ನು ಶಾಲೆ ಕಟ್ಟಡ ಯಾಕೆ ಬೇಕು, ಎಲ್ಲಾ ಫೋನಿನಲ್ಲೇ ಆಗತ್ತೆ’ ಅಂತ ಆಫೀಸಿನಲ್ಲಿ ಕೆಲವರು ಹೇಳುವಾಗ ನನಗೆ 2020 ನೆನಪಾಗುತ್ತದೆ.

ಆ ಮಾರ್ಚ್‌ನಲ್ಲಿ ದೇಶದ ಮೊದಲ ಕೊರೊನಾ ಸಾವು ಆಗಿದ್ದು ನಮ್ಮ ಕಲಬುರಗಿಯಲ್ಲೇ. ನಾನು ಊರಿಗೆ ಬಂದವನು ಲಾಕ್‌ಡೌನಿನಲ್ಲಿ ಅಲ್ಲೇ ಉಳಿದೆ. ಅಣ್ಣನ ಮಗ ಆಗ ಎಂಟನೇ ಕ್ಲಾಸು. ಮನೆಯಲ್ಲಿ ಫೋನ್ ಒಂದು, ಓದುವ ಮಕ್ಕಳು ಮೂರು. ಆ ಫೋನೂ ಅಣ್ಣನ ಜೊತೆ ಹೊಲಕ್ಕೆ ಹೋಗುವಂಥದ್ದು. ಫೋನ್ ಸಿಕ್ಕ ದಿನ ಹುಡುಗ ನೆಟ್ ಹುಡುಕಿಕೊಂಡು ಮಾಳಿಗೆ ಹತ್ತುತ್ತಿದ್ದ. ಬಿಸಿಲಿಗೆ ಫೋನ್ ಕಾದು, ಕಾಣದೆ, ಟವೆಲ್ ಹೊದ್ದುಕೊಂಡು ಕೂರುತ್ತಿದ್ದ. ‘ಕೇಳ್ಲಿಕತ್ತದೇನ್ರಿ?’ ‘ಹಾಂ, ಕೇಳ್ಲಿಕತ್ತದ್ರಿ ಸರ್’ ಅನ್ನುವುದರಲ್ಲೇ ಕಾಲು ಭಾಗ ಟೈಮ್ ಮುಗಿಯುತ್ತಿತ್ತು. ಚಂದನ ಟಿವಿಯಲ್ಲೂ ಪಾಠ ಬರುತ್ತಿತ್ತು. ಒಳ್ಳೆಯ ಪಾಠವೇ. ಆದರೆ ಕರೆಂಟ್ ಇರಬೇಕಲ್ಲ.

ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾಯಿತು. ಟೀಚರುಗಳೇ ಓಣಿಗೆ ಬಂದು, ಗುಡಿ ಕಟ್ಟೆ, ಮರದ ನೆರಳು, ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಪಾಠ ಮಾಡಿದರು. ಅಕ್ಕ ನಮ್ಮೂರ ಹನುಮಂತನ ಗುಡಿ ಮುಂದಿನ ಬೇವಿನ ಮರದಡಿ ಕೂರಿಸುತ್ತಿದ್ದಳು. ಒಂದು ದಿನ ನಾನೂ ಹೋಗಿ ಕೂತೆ. ಭಿನ್ನರಾಶಿ ಪಾಠ. ಕೈಯಲ್ಲಿ ಒಂದು ಜೋಳದ ರೊಟ್ಟಿ. ಅದನ್ನು ಮುರಿದು ಅರ್ಧ, ಕಾಲು ಅಂತ ತೋರಿಸುತ್ತಿದ್ದವಳು ಸಟ್ಟನೆ ನಿಂತಳು. ಮೂಲೆಯಲ್ಲಿ ಒಬ್ಬ ಹುಡುಗ ಎಲ್ಲರ ಜೊತೆ ತಲೆ ಆಡಿಸುತ್ತಿದ್ದ.

‘ಯಾಕ ತಮ್ಮ, ತಿಳೀಲಿಲ್ಲೇನು?’

‘ತಿಳೀತ್ರಿ ಟೀಚರ್.’

‘ಸುಳ್ಳ ಹೇಳಬ್ಯಾಡ, ಬಾ ಇಲ್ಲಿ. ಇದರಾಗ ನಿನಗ ಮೂರು ಪಾಲು ಕೊಡು, ನನಗ ಒಂದು ಪಾಲು ಕೊಡು.’

ಆ ಹುಡುಗ ಮುರಿದ. ತಪ್ಪು ಮುರಿದ. ಉಳಿದವರು ನಕ್ಕರು, ಒಬ್ಬಳು ಎದ್ದು ಸರಿ ಮಾಡಿದಳು. ನಕ್ಕವರಲ್ಲಿ ಇಬ್ಬರಿಗೆ ಆಗಲೇ ಅರ್ಥವಾಗಿದ್ದು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಫೋನಿನಲ್ಲಾದರೆ ಆ ತಲೆಯಾಡಿಸುವಿಕೆ ಅಷ್ಟು ದೂರದಿಂದ ಅಕ್ಕನಿಗೆ ಕಾಣುತ್ತಿತ್ತೇ? ಕ್ಯಾಮೆರಾ ಆಫ್ ಆಗಿರುತ್ತಿತ್ತು ಬಿಡಿ. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ವಿದ್ಯಾಗಮವೂ ನಿಂತಿತು. ನಿಲ್ಲಿಸಿದ್ದು ಸರಿಯೇ ಇರಬಹುದು. ಮರದ ಕೆಳಗೆ ಮತ್ತೆ ಎಮ್ಮೆ ಕಟ್ಟಿದರು.

ಟವೆಲ್ ಹೊದ್ದು ಕೂರುತ್ತಿದ್ದ ಆ ಹುಡುಗ ಮುಂದೆ ಪಿಯುಸಿ ಸೈನ್ಸ್ ತೆಗೆದುಕೊಂಡ. ಅಷ್ಟೊತ್ತಿಗೆ ಅವನ ಕೈಗೇ ಫೋನ್ ಬಂದಿತ್ತು. ರಾತ್ರಿ ಯೂಟ್ಯೂಬ್ ಹಾಕಿಕೊಂಡು ಒಂದೇ ಇಂಟಿಗ್ರೇಷನ್ ಲೆಕ್ಕವನ್ನು ನಾಲ್ಕು ಸಲ ಹಿಂದಕ್ಕೆ ಎಳೆದು ನೋಡುತ್ತಿದ್ದ. ಕ್ಲಾಸಿನಲ್ಲಿ ಯಾವ ಮೇಷ್ಟ್ರೂ ನಾಲ್ಕು ಸಲ ಹೇಳುವುದಿಲ್ಲ, ಕೇಳಲು ಇವನಿಗೂ ನಾಚಿಕೆ. ‘ಹಂಗಾದ್ರ ಕಾಲೇಜ್ ಯಾಕೋ?’ ಅಂತ ಸುಮ್ನೆ ಕೆಣಕಿದೆ. ‘ಇಲ್ಲ ಕಾಕಾ, ಸರ್ ಒಮ್ಮೆ ಹೇಳಿದ್ದು ಇದ್ರ ಇದು ತಿಳೀತದ. ಹೊಸಾದು ಆದ್ರ ಸೀದಾ ತಲಿ ಮ್ಯಾಲಿಂದ ಹೋಗ್ತದ’ ಅಂದ. ಎದುರಿಗೆ ಕೂತು ಮೊದಲ ಸಲ, ಫೋನಿನಲ್ಲಿ ಎರಡನೇ ಸಲ. ನನ್ನ ವಾದವೂ ಇಷ್ಟೇ, ಅವನು ನನಗಿಂತ ಚೆನ್ನಾಗಿ ಹೇಳಿದ. ಇನ್ನೊಂದು ಮಾತು: ಕೇಂದ್ರ ಸರ್ಕಾರದ ಆನ್‌ಲೈನ್ ಪಾಠಗಳ ‘ಸ್ವಯಂ’ ತಾಣದ ಕೋರ್ಸುಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡ ಮೀಡಿಯಂನಲ್ಲಿ ಓದಿ ಬಂದ ಹುಡುಗನಿಗೆ ಆ ಮೊದಲ ಸಲ ಇನ್ನೂ ಜಾಸ್ತಿ ಬೇಕು.

ಕಳೆದ ದೀಪಾವಳಿ ರಜೆಗೆ ಮಗಳನ್ನು ಊರಿಗೆ ಕರೆದುಕೊಂಡು ಹೋದೆ. ಬೀದರಿಗೂ ಹೋಗಿ ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿ ಬಂದೆವು. 1472ರ ಕಟ್ಟಡ. ಮೂರು ಅಂತಸ್ತು, ಪಾಠದ ಹಾಲ್, ಗ್ರಂಥಾಲಯ, ಹುಡುಗರು ಉಳಿಯುವ ಕೋಣೆಗಳು. ಔರಂಗಜೇಬನ ಕಾಲದ ಸ್ಫೋಟದಲ್ಲಿ ಒಂದು ಭಾಗ ಬಿದ್ದುಹೋಗಿದೆ. ಗವಾನ್ ಕಾಗದ ಬರೆಯುವುದರಲ್ಲಿ ದೊಡ್ಡ ಹೆಸರು ಮಾಡಿದವನು. ಪರ್ಷಿಯನ್ ಕವಿ ಜಾಮಿಯ ಜೊತೆ ಅವನಿಗೆ ಪತ್ರ ವ್ಯವಹಾರ ಇತ್ತು. ಅಷ್ಟು ದೂರಕ್ಕೆ ಮಾತು ಮುಟ್ಟಿಸಬಲ್ಲವನು ಕಲಿಸುವ ವಿಷಯ ಬಂದಾಗ ಕಾಗದ ನೆಚ್ಚಿಕೊಳ್ಳಲಿಲ್ಲ, ಕೋಣೆ ಕಟ್ಟಿಸಿದ. ಮಗಳಿಗೆ ಇದೆಲ್ಲ ಹೇಳಿದೆ. ಅವಳಿಗೆ ಅಲ್ಲಿನ ಪಾರಿವಾಳಗಳೇ ಜಾಸ್ತಿ ಇಷ್ಟವಾದವು.

ಊರಿನಲ್ಲಿ ತೊಗರಿ ಹೂ ಬಿಟ್ಟು ಹೊಲವೆಲ್ಲ ಹಳದಿಯಾಗಿತ್ತು. ಅಕ್ಕ ಅವಳನ್ನು ಬದುವಿನ ಮೇಲೆ ನಿಲ್ಲಿಸಿ, ‘ಇದು ಬೆಳೆ’ ಅಂದಳು. ಮನೆಗೆ ಬಂದು ಡಬ್ಬಿ ಮುಚ್ಚಳ ತೆಗೆದು ಅವಳ ಕೈ ಒಳಗೆ ಹಾಕಿಸಿ, ‘ಇದು ಬೇಳೆ’ ಅಂದಳು. ಎರಡು ನಿಮಿಷದ ಪಾಠ.

ಪುಣೆಗೆ ಬಂದ ಮೇಲಿನ ಮೊದಲ ಭಾನುವಾರ. ಅಕ್ಕ ಉಕ್ತಲೇಖನ ಕೊಡುತ್ತಿದ್ದಳು. ನೆಟ್ ಎಂದಿನಂತೆ ಕೈಕೊಟ್ಟಿತು, ಶಬ್ದ ಎಳೆದುಕೊಂಡು ಬಂತು. ಮಗಳು ಪೆನ್ಸಿಲ್ ಎತ್ತಿ ಹಿಡಿದು ಕೇಳಿದಳು: ‘ಅತ್ತಿ, ಹೊಲದಾಗಿಂದೋ, ಡಬ್ಬ್ಯಾಗಿಂದೋ?’