‘ಅಟಾಮಿಕ್’ ಅಂತ ಬರೆದಿದ್ದರೆ ಸಾಲದು, ಯಾರ ಜೊತೆ ಅಂತ ಕೇಳಿ

ಪ್ಯಾರಲಲ್ ಪ್ರೋಗ್ರಾಮಿಂಗ್ ಕಲಿಯುತ್ತಿರುವ ಹುಡುಗ ಹುಡುಗಿಯರಿಗೆ ನಾನು ಸಿಕ್ಕಾಗಲೆಲ್ಲ ಹೇಳುವ ಮಾತೊಂದಿದೆ, ಇಲ್ಲೂ ಬರೆದುಬಿಡುತ್ತೇನೆ. ಇನ್ನೊಂದು ಮಷೀನಿನ ಮೆಮೊರಿ ಮೇಲೆ ಕೆಲಸ ಮಾಡುವಾಗ, ಲೈಬ್ರರಿಯ ಮ್ಯಾನ್ಯುಯಲ್‌ನಲ್ಲಿ ‘ಇದು ಅಟಾಮಿಕ್’, ಅಂದರೆ ನಡುವೆ ಯಾರೂ ನುಗ್ಗದೆ ಒಂದೇ ಏಟಿಗೆ ಮುಗಿಯುತ್ತದೆ, ಅಂತ ಇದ್ದ ಮಾತ್ರಕ್ಕೆ ನಂಬಿ ಮುಂದೆ ಹೋಗಬೇಡಿ. ಆ ಭರವಸೆ ಯಾರ್ಯಾರ ನಡುವೆ ಇದೆ ಅಂತ ಹುಡುಕಿ. ಅದು ಸಿಗುವ ತನಕ ಕೋಡ್ ಬರೆಯಬೇಡಿ.

ಈ ವಿಷಯಕ್ಕೆ ಹೊಸಬರಾದವರಿಗೆ ಸ್ವಲ್ಪ ಹಿನ್ನೆಲೆ. ಸೂಪರ್‌ಕಂಪ್ಯೂಟರ್ ಅಂದರೆ ಒಂದೇ ದೊಡ್ಡ ಯಂತ್ರ ಅಲ್ಲ, ನೆಟ್‌ವರ್ಕ್‌ನಿಂದ ಜೋಡಿಸಿದ ನೂರಾರು ಸಾವಿರಾರು ನೋಡ್‌ಗಳು, ಅಂದರೆ ಬಿಡಿ ಕಂಪ್ಯೂಟರ್‌ಗಳು. 2022ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದ ಪರಮ್ ಪ್ರವೇಗವೂ ಹಾಗೇ. ಪ್ರತಿ ನೋಡ್‌ಗೂ ಅದರದ್ದೇ ಮೆಮೊರಿ. ಈಗ ಒಂದು ದೊಡ್ಡ ಲೆಕ್ಕವನ್ನು ಲಕ್ಷ ತುಂಡು ಮಾಡಿದ್ದೀರಿ, ಆದರೆ ತುಂಡುಗಳೆಲ್ಲ ಒಂದೇ ಅಳತೆಯವಲ್ಲ, ಕೆಲವು ಬೇಗ ಮುಗಿಯುತ್ತವೆ, ಕೆಲವು ಎಳೆಯುತ್ತವೆ. ಮೊದಲೇ ಸಮನಾಗಿ ಹಂಚಿದರೆ ಅರ್ಧ ಪ್ರೊಸೆಸ್‌ಗಳು (ಆ ನೋಡ್‌ಗಳಲ್ಲಿ ಓಡುತ್ತಿರುವ ಪ್ರೋಗ್ರಾಂನ ಪ್ರತಿಗಳು) ಸುಮ್ನೆ ಕೂತಿರುತ್ತವೆ. ಅದಕ್ಕೇ ಒಂದು ನೋಡ್‌ನಲ್ಲಿ ಕೌಂಟರ್ ಇಡುತ್ತಾರೆ. ಕೆಲಸ ಮುಗಿದವರು ಆಸ್ಪತ್ರೆಯಲ್ಲಿ ಟೋಕನ್ ತೆಗೆದುಕೊಳ್ಳುವ ಹಾಗೆ ಬಂದು ಮುಂದಿನ ನಂಬರ್ ತೆಗೆದುಕೊಂಡು ಹೋಗುತ್ತಾರೆ. ಹಳೆಯ ಬೆಲೆ ಓದು, ಒಂದು ಕೂಡಿಸು, ವಾಪಸ್ ಬರೆ. ಈ ಮೂರೂ ಸೇರಿ ಒಂದೇ ಏಟಿಗೆ ಆಗಬೇಕು, ನಡುವೆ ಯಾರೂ ನುಗ್ಗಬಾರದು. ಇದೇ ಫೆಚ್ ಅಂಡ್ ಆಡ್. ನ್ಯೂಯಾರ್ಕ್ ಯೂನಿವರ್ಸಿಟಿಯ ಅಲ್ಟ್ರಾಕಂಪ್ಯೂಟರ್ ಯೋಜನೆ 1980ರ ದಶಕದಲ್ಲೇ ಇದನ್ನು ತನ್ನ ವಿನ್ಯಾಸದ ನಡುಮಧ್ಯ ಇಟ್ಟುಕೊಂಡಿತ್ತು. ಒಂದೇ ಜಾಗಕ್ಕೆ ಹೊರಟ ಬೇರೆ ಬೇರೆ ಕೋರಿಕೆಗಳನ್ನು ನೆಟ್‌ವರ್ಕ್‌ನ ದಾರಿಯಲ್ಲೇ ಕೂಡಿಸಿ ಒಂದಾಗಿ ಕಳಿಸುವ ಯೋಚನೆ ಅದು. ಎಂಥ ಚೆಂದದ ಯೋಚನೆ ಅಲ್ವಾ!

ಇಷ್ಟು ಬೇಕಾದ ವಸ್ತು ಎಂಪಿಐಗೆ, ಅಂದರೆ ಪ್ರೊಸೆಸ್‌ಗಳು ಒಂದಕ್ಕೊಂದು ಮಾತಾಡಲು ಬಳಸುವ ಸ್ಟ್ಯಾಂಡರ್ಡ್‌ಗೆ, ಬರಲು ಬಹಳ ತಡವಾಯಿತು. 1997ರ ಎಂಪಿಐ-2ರಲ್ಲಿ ಇನ್ನೊಬ್ಬರ ಮೆಮೊರಿಗೆ ಬರೆಯುವ ಪುಟ್, ಅಲ್ಲಿಂದ ಓದುವ ಗೆಟ್, ಅಲ್ಲಿರುವ ಬೆಲೆಗೆ ಕೂಡಿಸುವ ಅಕ್ಯುಮ್ಯುಲೇಟ್ ಇದ್ದವು. ಆದರೆ ಅಕ್ಯುಮ್ಯುಲೇಟ್ ಹಳೆಯ ಬೆಲೆಯನ್ನು ವಾಪಸ್ ಕೊಡುತ್ತಿರಲಿಲ್ಲ. ಬೇರೆಯವರು ಮುಟ್ಟದ ಹಾಗೆ ಲಾಕ್ ಹಾಕಿ ಗೆಟ್ ಮಾಡೋಣ ಅಂದರೆ, ಗೆಟ್ ಮಾಡಿದ ಬೆಲೆ ಕೈಗೆ ಸಿಗುತ್ತಿದ್ದುದು ಅನ್‌ಲಾಕ್ ಆದ ಮೇಲೆಯೇ. ಅಷ್ಟರಲ್ಲಿ ಲಾಕ್ ಹೋಗಿರುತ್ತದೆ! ಒಂದು ಸಾದಾ ಕೌಂಟರ್‌ಗೂ ಸುತ್ತುಬಳಸಿನ ಅಲ್ಗಾರಿದಮ್ ಬರೆಯಬೇಕಿತ್ತು. ಹಳೆಯ ಬೆಲೆ ಕೊಟ್ಟು ಹೊಸದನ್ನು ಕೂಡಿಸುವಂಥ ಫೆಚ್ ಅಂಡ್ ಆಪ್, ಬೆಲೆ ನಾವಂದುಕೊಂಡದ್ದೇ ಆಗಿದ್ದರೆ ಮಾತ್ರ ಬದಲಿಸುವ ಕಂಪೇರ್ ಅಂಡ್ ಸ್ವಾಪ್, ಅನ್‌ಲಾಕ್ ಮಾಡದೆಯೇ ಕರೆಗಳನ್ನು ಮುಗಿಸುವ ಫ್ಲಶ್ ಎಲ್ಲ ಬಂದದ್ದು 2012ರ ಎಂಪಿಐ-3ರಲ್ಲಿ. ಅತ್ತ ರಸಾಯನಶಾಸ್ತ್ರದವರು ಕಾಯುತ್ತ ಕೂರಲಿಲ್ಲ. ಎನ್‌ಡಬ್ಲ್ಯುಕೆಮ್ ಸಾಫ್ಟ್‌ವೇರ್ ಗ್ಲೋಬಲ್ ಅರೇಸ್ ಲೈಬ್ರರಿ ಮೇಲೆ ನಿಂತು ಇಂಥದೇ ಕೌಂಟರ್‌ನಿಂದ ಕೆಲಸ ಹಂಚುತ್ತಿತ್ತು. ಸ್ಟ್ಯಾಂಡರ್ಡ್ ಮಾಡುವವರು ಬಳಸುವವರ ಕೋಡ್ ನೋಡಿದ್ದರೆ ಇಷ್ಟು ವರ್ಷ ಬೇಕಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ಆಪರೇಷನ್ ಏನೋ ಇದೆ, ಸರಿ. ಆದರೆ ಎಂಪಿಐ ಭರವಸೆ ಕೊಡುವುದು ಅಕ್ಯುಮ್ಯುಲೇಟ್ ಜಾತಿಯ ಕರೆಗಳ ನಡುವೆ ಮಾತ್ರ (ಫೆಚ್ ಅಂಡ್ ಆಪ್, ಕಂಪೇರ್ ಅಂಡ್ ಸ್ವಾಪ್ ಕೂಡ ಇದೇ ಜಾತಿ), ಅದೂ ಒಂದೊಂದು ಎಲಿಮೆಂಟ್‌ಗೆ, ಅಂದರೆ ಒಂದೊಂದು ಬಿಡಿ ಬೆಲೆಗೆ ಮಾತ್ರ. ಅದೇ ಹೊತ್ತಿಗೆ ಅದೇ ಜಾಗಕ್ಕೆ ಯಾರಾದರೂ ಸಾದಾ ಪುಟ್ ಮಾಡಿದರೆ ಆ ಭರವಸೆ ನಿಮ್ಮನ್ನು ಕಾಯುವುದಿಲ್ಲ. ಇಂಥದೇ ಕೆಲಸದ ಇನ್ನೊಂದು ಸ್ಟ್ಯಾಂಡರ್ಡ್ ಓಪನ್‌ಶ್ಮೆಮ್‌ನಲ್ಲೂ ಇದೇ ಕಥೆ, ಅಟಾಮಿಕ್ ಮತ್ತು ಪುಟ್ ಬೆರೆಸಬಾರದು. ಕೌಂಟರ್ ಇರುವ ನೋಡ್‌ನ ಪ್ರೊಸೆಸ್ ‘ನನ್ನ ಮೆಮೊರಿ ತಾನೆ’ ಅಂತ ನೇರವಾಗಿ ಒಂದು ಕೂಡಿಸಿದರೂ ಅಷ್ಟೇ, ಲೆಕ್ಕ ಕೆಟ್ಟಿತು. ಕೌಂಟರ್ ಪಕ್ಕದಲ್ಲೇ ಇದ್ದರೂ ಅದನ್ನು ಲೈಬ್ರರಿಯ ಅಟಾಮಿಕ್ ಕರೆಯಿಂದಲೇ ಮುಟ್ಟಬೇಕು.

ಹಾರ್ಡ್‌ವೇರ್‌ಗೆ ಇಳಿದರೆ ಕಾರಣ ತಿಳಿಯುತ್ತದೆ. ಸೂಪರ್‌ಕಂಪ್ಯೂಟರ್‌ಗಳ ನೋಡ್‌ಗಳನ್ನು ಜೋಡಿಸುವ ವೇಗದ ನೆಟ್‌ವರ್ಕ್ ಇನ್ಫಿನಿಬ್ಯಾಂಡ್‌ನಲ್ಲಿ ಫೆಚ್ ಅಂಡ್ ಆಡ್ ಮತ್ತು ಕಂಪೇರ್ ಅಂಡ್ ಸ್ವಾಪ್ ಎರಡೂ ಇವೆ, 64 ಬಿಟ್ ಅಳತೆಗೆ. ಅದನ್ನು ಮಾಡುವುದು ಸಿಪಿಯು ಅಲ್ಲ, ನೆಟ್‌ವರ್ಕ್ ಕಾರ್ಡ್. ಕಾರ್ಡ್ ತನ್ನನ್ನು ಕಂಪ್ಯೂಟರಿಗೆ ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್ ದಾರಿ ದಾಟಿ ಮೆಮೊರಿ ಓದುತ್ತದೆ, ತನ್ನೊಳಗೆ ಕೂಡಿಸುತ್ತದೆ, ಮತ್ತೆ ದಾಟಿ ಬರೆಯುತ್ತದೆ. ಆ ಸಂದಿಯಲ್ಲಿ ಸಿಪಿಯು ಅದೇ ಜಾಗವನ್ನು ಬದಲಿಸಿದರೆ ಕಾರ್ಡ್‌ಗೆ ಗೊತ್ತೇ ಆಗುವುದಿಲ್ಲ. ಸಿಪಿಯುವಿನ ಅಟಾಮಿಕ್ ಇನ್‌ಸ್ಟ್ರಕ್ಷನ್ ಬಳಸಿದರೂ ಉಪಯೋಗವಿಲ್ಲ, ಯಾಕೆಂದರೆ ಅದು ತಡೆಯುವುದು ಬೇರೆ ಕೋರ್‌ಗಳನ್ನು, ಕಾರ್ಡ್‌ನ ಹೊಟ್ಟೆಯೊಳಗಿನ ಲೆಕ್ಕವನ್ನಲ್ಲ. ಅದಕ್ಕೇ ಪ್ರೋಗ್ರಾಂಗಳು ಇನ್ಫಿನಿಬ್ಯಾಂಡ್ ಕಾರ್ಡ್ ಬಳಸುವ ವರ್ಬ್ಸ್ ಇಂಟರ್‌ಫೇಸ್‌ನಲ್ಲಿ ಈ ಭರವಸೆಗೆ ಎರಡು ಮಟ್ಟ ಇವೆ. ಎಚ್‌ಸಿಎ (ಇನ್ಫಿನಿಬ್ಯಾಂಡ್ ಕಾರ್ಡ್‌ಗೇ ಆ ಹೆಸರು) ಮಟ್ಟ ಅಂದರೆ ಆ ಒಂದು ಕಾರ್ಡ್ ಮೂಲಕ ಬಂದ ಅಟಾಮಿಕ್‌ಗಳ ನಡುವೆ ಮಾತ್ರ ಭರವಸೆ. ಗ್ಲೋಬ್ ಮಟ್ಟ ಅಂದರೆ ಸಿಪಿಯು, ಬೇರೆ ಕಾರ್ಡ್‌ಗಳ ಜೊತೆಗೂ. ಎಚ್‌ಸಿಎ ಮಟ್ಟದ ನೋಡ್‌ನಲ್ಲಿ ಎರಡು ಕಾರ್ಡ್ ಇದ್ದು, ಒಂದೇ ಕೌಂಟರ್‌ಗೆ ಎರಡರಿಂದಲೂ ಅಟಾಮಿಕ್ ಬಂದರೆ ಒಂದೇ ನಂಬರ್ ಇಬ್ಬರಿಗೆ ಹೋಗಬಹುದು. ಪಿಸಿಐ ಎಕ್ಸ್‌ಪ್ರೆಸ್‌ಗೇ ಅಟಾಮಿಕ್ ಆಪರೇಷನ್‌ಗಳು ಸೇರಿವೆ ನಿಜ, ಆದರೆ ಅವನ್ನು ಕಾರ್ಡ್ ಮತ್ತು ಪ್ರೊಸೆಸರ್ ಎರಡೂ ಬೆಂಬಲಿಸಬೇಕು.

ಇನ್ನೊಂದು ಸೂಕ್ಷ್ಮ ನನಗೆ ತುಂಬ ಇಷ್ಟ. ರಿಮೋಟ್ ರೀಡ್‌ನ ಉತ್ತರ ದಾರಿಯಲ್ಲಿ ಕಳೆದುಹೋದರೆ ಮತ್ತೆ ಕೇಳಬಹುದು, ನಷ್ಟವಿಲ್ಲ. ಆದರೆ ‘ಒಂದು ಕೂಡಿಸು’ ಅನ್ನುವುದು ಆ ಕಡೆ ನಡೆದುಹೋಗಿ, ಉತ್ತರ ಮಾತ್ರ ಕಳೆದರೆ? ಮತ್ತೆ ಕಳಿಸಿದರೆ ಎರಡು ಸಲ ಕೂಡುತ್ತದೆ. ಅದಕ್ಕೇ ಆ ಕಡೆಯ ಕಾರ್ಡ್ ಇತ್ತೀಚಿನ ಅಟಾಮಿಕ್‌ಗಳ ಫಲಿತಾಂಶ ನೆನಪಿಟ್ಟುಕೊಂಡು, ಅದೇ ಕೋರಿಕೆ ಮತ್ತೆ ಬಂದರೆ ಹಳೆಯ ಉತ್ತರವನ್ನೇ ಕೊಡುತ್ತದೆ. ಈ ನೆನಪಿಗೂ ಮಿತಿ ಇದೆ, ಹಾಗಾಗಿ ಒಂದು ಕನೆಕ್ಷನ್‌ನಲ್ಲಿ ಒಮ್ಮೆಗೆ ಇಷ್ಟೇ ಅಟಾಮಿಕ್ ಅಂತ ಲೆಕ್ಕ ಇರುತ್ತದೆ.

ವೇಗದ ಬಗ್ಗೆಯೂ ಭ್ರಮೆ ಬೇಡ. ದಶಮಾಂಶ ಸಂಖ್ಯೆ ಕೂಡಿಸುವುದು ಇನ್ಫಿನಿಬ್ಯಾಂಡ್‌ನ ಮೂಲ ಅಟಾಮಿಕ್‌ಗಳಲ್ಲಿ ಇಲ್ಲ, ಸಾಫ್ಟ್‌ವೇರ್‌ನಲ್ಲೇ ಮಾಡಬೇಕು. ಒಂದೇ ಜಾಗಕ್ಕೆ ಅರ್ಧ ಹಾರ್ಡ್‌ವೇರ್, ಅರ್ಧ ಸಾಫ್ಟ್‌ವೇರ್ ಬೆರೆಸಿದರೆ ಅಟಾಮಿಕ್ ಉಳಿಯುವುದಿಲ್ಲ, ಹಾಗಾಗಿ ಲೈಬ್ರರಿ ಎಷ್ಟೋ ಸಲ ಎಲ್ಲವನ್ನೂ ಸಾಫ್ಟ್‌ವೇರ್‌ಗೇ ತಳ್ಳುತ್ತದೆ. ಆಗ ಆ ಕಡೆಯ ಪ್ರೊಸೆಸ್ ತನ್ನ ಲೆಕ್ಕದಲ್ಲಿ ಮುಳುಗಿ ಎಂಪಿಐ ಕಡೆ ತಿರುಗದಿದ್ದರೆ ಆ ಕಡೆಯವರ ನೆರವು ಬೇಡ ಅನ್ನುವ ನಿಮ್ಮ ‘ಒನ್ ಸೈಡೆಡ್’ ಕರೆ ಕಾಯುತ್ತಲೇ ಇರಬಹುದು.

ಇದಕ್ಕೆ ‘ಅಪರೂಪಕ್ಕೆ ಒಂದೆರಡು ತಪ್ಪಾದರೆ ಏನೀಗ’ ಅನ್ನುವವರೂ ಇದ್ದಾರೆ. ಸೂಪರ್‌ಕಂಪ್ಯೂಟರ್‌ಗಳನ್ನು ಅಳೆಯುವ ಎಚ್‌ಪಿಸಿಸಿ ಪರೀಕ್ಷೆಗಳಲ್ಲಿ ಒಂದಾದ, ದೊಡ್ಡ ಟೇಬಲ್‌ನಲ್ಲಿ ಎಲ್ಲೆಂದರಲ್ಲಿ ಬೆಲೆ ಬದಲಿಸುವ ರ‍್ಯಾಂಡಮ್ ಆಕ್ಸೆಸ್ ಬೆಂಚ್‌ಮಾರ್ಕ್ ಟೇಬಲ್‌ನ 1% ವರೆಗೆ ತಪ್ಪಿದ್ದರೂ ಒಪ್ಪಿಕೊಳ್ಳುತ್ತದೆ, ನಿಜ. ಅಲ್ಲಿ ಅಳೆಯುವುದು ವೇಗವನ್ನು, ಟೇಬಲ್‌ನಲ್ಲಿ ಏನಿದೆ ಅನ್ನುವುದು ಯಾರಿಗೂ ಬೇಕಿಲ್ಲ. ಕೆಲಸ ಹಂಚುವ ಕೌಂಟರ್‌ನಲ್ಲಿ ಒಂದು ನಂಬರ್ ಎರಡು ಸಲ ಹೋದರೆ ಒಂದು ತುಂಡು ಎರಡು ಸಲ ಕೂಡುತ್ತದೆ. ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ಉತ್ತರ ಮಾತ್ರ ತಪ್ಪು. ವಿಜ್ಞಾನದ ಲೆಕ್ಕದಲ್ಲಿ ಇದಕ್ಕಿಂತ ಕೆಟ್ಟದ್ದು ನನಗೆ ಗೊತ್ತಿಲ್ಲ.

ಹಾಗಾಗಿ ಕಲಿಸುವವರಲ್ಲಿ ನನ್ನ ಕೋರಿಕೆ. ಲ್ಯಾಬ್‌ನಲ್ಲಿ ಸಂದೇಶ ಕಳಿಸುವ, ಪಡೆಯುವ ಸೆಂಡ್ ರಿಸೀವ್ ಆದ ಕೂಡಲೇ ನಿಲ್ಲಿಸಬೇಡಿ. ಒಂದು ಕೌಂಟರ್ ಬರೆಸಿ. ಮೊದಲು ಗೆಟ್ ಮತ್ತು ಪುಟ್‌ನಿಂದ, ಆಮೇಲೆ ಫೆಚ್ ಅಂಡ್ ಆಪ್‌ನಿಂದ. ಬಂದ ನಂಬರ್‌ಗಳನ್ನೆಲ್ಲ ಸೇರಿಸಿ ವಿಂಗಡಿಸಿ ನೋಡಲು ಹೇಳಿ, ಎರಡೆರಡು ಸಲ ಬಂದವು ಕಣ್ಣಿಗೆ ಬೀಳಲಿ. ಕ್ಲಸ್ಟರ್‌ನಲ್ಲಿ ಇನ್ಫಿನಿಬ್ಯಾಂಡ್ ಇದ್ದರೆ ಐಬಿವಿ ಡೆವ್‌ಇನ್ಫೋ (ibv_devinfo) ಕಮಾಂಡ್‌ನ ವಿವರವಾದ ಔಟ್‌ಪುಟ್ ತೆಗೆಸಿ, ಅದರಲ್ಲಿ ಅಟಾಮಿಕ್ ಕ್ಯಾಪ್ (atomic_cap) ಅನ್ನುವ ಸಾಲಿನ ಮುಂದೆ ಎಚ್‌ಸಿಎ ಇದೆಯೋ ಗ್ಲೋಬ್ ಇದೆಯೋ ಅಂತ ಅವರೇ ಓದಲಿ.